ಕೊಳ್ಳುವವರ ಧರ್ಮ

ಮಾರುವವರ ಧರ್ಮವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ತೂಕದಲ್ಲಿ ಮೋಸ ಕೂಡದು, ಕಲಬೆರಕೆ ಸಲ್ಲದು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೊಳ್ಳುವವರಿಗೂ ಒಂದು ಧರ್ಮವಿದೆಯೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಮದುವೆಗೆ ಬಂಗಾರ ಕೊಳ್ಳುವ ಮನೆಗಳಲ್ಲಿ ಈ ಮರೆವು ಎದ್ದು ಕಾಣುತ್ತದೆ.

ನಮ್ಮ ಬಂಧುಗಳ ಮನೆಯವರು ಮಗಳ ಮದುವೆಗೆಂದು ಹರಳಿನ ಹಾರವೊಂದನ್ನು ಕೊಂಡಿದ್ದರು. ಅಂಗಡಿ ಅಜ್ಜನ ಕಾಲದಿಂದ ಪರಿಚಯದ್ದು. ಬಿಲ್ಲು ಕೇಳಿದರೆ ಸಾಹುಕಾರರು ನೊಂದುಕೊಂಡಾರೆಂಬ ಸಂಕೋಚ ಒಂದು ಕಡೆ. ಬಿಲ್ಲಿಲ್ಲದಿದ್ದರೆ ತೆರಿಗೆ ಉಳಿದೀತೆಂಬ ಆಸೆ ಇನ್ನೊಂದು ಕಡೆ. ತುಂಡು ಚೀಟಿಯಲ್ಲಿ ಒಟ್ಟು ಮೊತ್ತವನ್ನಷ್ಟೇ ಬರೆಸಿಕೊಂಡು ಬಂದರು. ಕೆಲವು ವರ್ಷಗಳ ತರುವಾಯ ಅಳಿಯನ ಶಸ್ತ್ರಚಿಕಿತ್ಸೆಗಾಗಿ ಆ ಹಾರವನ್ನು ಒತ್ತೆಯಿಡಬೇಕಾಯಿತು. ಅಲ್ಲಿ ಹರಳಿನ ತೂಕವನ್ನು ಕಳೆದು ಬಂಗಾರವನ್ನಷ್ಟೇ ಲೆಕ್ಕ ಹಿಡಿದರು. ನೆಚ್ಚಿದ್ದಕ್ಕಿಂತ ಬಹಳ ಕಡಿಮೆ ಸಾಲ ದೊರೆಯಿತು. ಹರಳಿಗೂ ಬಂಗಾರದ ದರವನ್ನೇ ತೆತ್ತಿದ್ದರೇ ಎಂದು ತಿಳಿಯಲು ಕೈಯಲ್ಲಿ ಕಾಗದವಿರಲಿಲ್ಲ. ಕೊರತೆ ಬಿದ್ದ ಹಣಕ್ಕಾಗಿ ಆ ತಾಯಿ ನೆಂಟರ ಮನೆಗಳಿಗೆ ಅಲೆದುದನ್ನು ನಾವು ಕಣ್ಣಾರೆ ಕಂಡೆವು.

ವರ್ತಕನು ವಂಚಿಸಿದ್ದರೆ ಆ ದೋಷ ಅವನದೇ. ಅದನ್ನು ಕೊಂಡವರ ತಲೆಗೆ ಕಟ್ಟಲಾಗದು. ಆದರೆ ಕೇಳಬೇಕಾದುದನ್ನು ಕೇಳುವ ಹೊಣೆಯನ್ನು ನಮ್ಮ ಪರವಾಗಿ ಬೇರೆಯವರು ಹೊರಲಾರರು.

ಗ್ರಾಹಕರ ರಕ್ಷಣೆಗೆಂದು 1986ರಲ್ಲಿ ಬಂದ ಕಾಯಿದೆಯ ಸ್ಥಾನದಲ್ಲಿ ಈಗ 2019ರ ಕಾಯಿದೆಯಿದೆ. ಬಂಗಾರದ ಒಡವೆಗಳಿಗೆ 2021ರ ಜೂನ್ ತಿಂಗಳಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಭಾರತೀಯ ಮಾನಕ ಬ್ಯೂರೋದ ಮುದ್ರೆ, ಶುದ್ಧತೆಯ ಅಂಕಿ, ಅಕ್ಷರ-ಅಂಕಿಗಳು ಸೇರಿದ ಆರು ಸ್ಥಾನದ ಗುರುತು, ಇವು ಮೂರೂ ಒಡವೆಯ ಮೇಲಿರಬೇಕು. 22 ಕ್ಯಾರೆಟ್ಟಿಗೆ 916 ಎಂದಿರುತ್ತದೆ. ಎಂದರೆ ಸಾವಿರ ಭಾಗದಲ್ಲಿ 916 ಭಾಗ ಚೊಕ್ಕ ಬಂಗಾರ. ಆರು ಸ್ಥಾನದ ಗುರುತನ್ನು ಬ್ಯೂರೋದ 'ಬಿ.ಐ.ಎಸ್. ಕೇರ್' ಆ್ಯಪಿನಲ್ಲಿ ಹಾಕಿ, ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು.

ಇಷ್ಟಾದರೂ ಹಾಲ್‌ಮಾರ್ಕು ಹೇಳುವುದು ಬಂಗಾರದ ಶುದ್ಧತೆಯನ್ನು ಮಾತ್ರ. ಹರಳಿಗೆ ಎಷ್ಟು ತೆತ್ತೆವು, ಮಜೂರಿಗೆ ಎಷ್ಟಾಯಿತು ಎಂಬುದನ್ನು ಬಿಲ್ಲೇ ಹೇಳಬೇಕು. ಬಂಗಾರದ ನಿವ್ವಳ ತೂಕ, ಶುದ್ಧತೆ, ಹರಳಿನ ತೂಕ ಮತ್ತು ಬೆಲೆ, ಮಜೂರಿ, ಹಾಲ್‌ಮಾರ್ಕಿನ ಶುಲ್ಕ, ತೆರಿಗೆ ಇವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ತೆರಿಗೆ ಉಳಿಸಲು ಬಿಲ್ಲು ಬೇಡವೆನ್ನುವವರು ನಾಳೆ ನ್ಯಾಯ ಕೇಳಲು ಬೇಕಾದ ಸಾಕ್ಷ್ಯವನ್ನೂ ಅಲ್ಲಿಯೇ ಬಿಟ್ಟು ಬಂದಂತೆ.

ಮಠದ ಪಾಠಶಾಲೆಯಲ್ಲಿ ನಮಗೆ ತರ್ಕ ಕಲಿಸಿದ ಗುರುಗಳು, ಪ್ರಶ್ನೆ ಕೇಳದ ಶಿಷ್ಯನನ್ನು ವಿನಯವಂತನೆಂದು ಎಂದೂ ಹೊಗಳಲಿಲ್ಲ. ಪ್ರಶ್ನೆ ಅವಿನಯವಲ್ಲ, ಅಪನಂಬಿಕೆಯೂ ಅಲ್ಲ. ನೇರ ವ್ಯವಹಾರದ ವರ್ತಕನಿಗೆ ಅದರಿಂದ ನೋವಾಗದು; ಅವನ ನಡತೆಗೂ ಆ ಬಿಲ್ಲೇ ಸಾಕ್ಷಿ.

ಬಂಗಾರ ತರಲು ಹೊರಡುವಾಗ ಮನೆಯ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಕಷ್ಟಕಾಲದಲ್ಲಿ ಒಡವೆ ಬಿಚ್ಚಿಕೊಡುವವರು ಅವರೇ ಅಲ್ಲವೇ? ಏನನ್ನು ಕೊಂಡೆವೆಂಬುದು ಅವರಿಗೆ ಮೊದಲೇ ತಿಳಿದಿರಲಿ.