ಬೆಳ್ಳಗಾದ ಮಡ್ಗಾರ್ಡು, ಒಂಬತ್ತು ಕಿಲೋಮೀಟರಿನ ಶಾಲೆ

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ತಂದೆತಾಯಿಗಳೇ,

ಈ ಬಾರಿ ನಾನು ಪಠ್ಯಪುಸ್ತಕ, ಖಾಲಿ ಹುದ್ದೆ, ಮನವಿಪತ್ರಗಳ ಕುರಿತು ಬರೆಯುತ್ತಿಲ್ಲ. ಒಂದು ಹಳೆಯ ಮೋಟಾರ್ ಸೈಕಲ್ಲಿನ ಕುರಿತು ಬರೆಯುತ್ತಿದ್ದೇನೆ. ಆದರೂ ಇದು ಶಾಲೆಯ ಮಾತೇ ಎಂಬುದು ಮುಂದೆ ಓದಿದರೆ ನಿಮಗೆ ತಿಳಿದೀತು.

ನಮ್ಮದು ಜತ್ತ ತಾಲ್ಲೂಕಿನ ಪೂರ್ವಭಾಗದ ಒಂದು ಹಳ್ಳಿ. ಊರಿನ ಕನ್ನಡ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಸಂವಿಧಾನದ 350ಎ ವಿಧಿ ನಿಮಗೆ ಬಾಯಿಪಾಠವಾಗಿರಬಹುದು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆಂದು 1956ರ ಏಳನೆಯ ತಿದ್ದುಪಡಿ ಅದನ್ನು ಸೇರಿಸಿತು. ಆದರೆ ಆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಅಲ್ಲಿಂದಾಚೆಯ ದಾರಿ ನಮ್ಮದು. ನಮ್ಮ ಪಾಲಿಗೆ ಆ ದಾರಿ ಒಂಬತ್ತು ಕಿಲೋಮೀಟರು. ಬಸ್ಸು ಶಾಲೆಯ ವೇಳೆಗೆ ಬರುವುದಿಲ್ಲ. ಇಂಗ್ಲಿಷ್ ಶಾಲೆಯ ವ್ಯಾನು ಮಾತ್ರ ಮನೆಯ ಬಾಗಿಲಿಗೇ ಬರುತ್ತದೆ. ನೆರೆಯ ಹಿರಿಯರೊಬ್ಬರು ಕೇಳಿದರು: "ಬಾಗಲಿಗೆ ಗಾಡಿ ಬರೂದು ಬಿಟ್ಟು ಇದೇನ್ ಹಟಾನೋ ನಿಂದು? ಕನ್ನಡ ಕಲ್ತು ಮುಂದ ಏನ್ ಮಾಡ್ತಾನ ಅಂವ?" ಉತ್ತರ ಹೇಳಲಾಗದೆ ನಕ್ಕು ಸುಮ್ಮನಾದೆ. ಅದೇ ವಾರ 100 ಸಿಸಿಯ ಹಳೆಯ ಗಾಡಿಯೊಂದನ್ನು ಕೊಂಡೆ.

ಎಂಜಿನ್ ಚೆನ್ನಾಗಿತ್ತು, ರೂಪ ಮಾತ್ರ ನೋಡುವಂತಿರಲಿಲ್ಲ. ಹಿಂದಿನ ಒಡೆಯ ಅದನ್ನು ವರ್ಷಗಟ್ಟಲೆ ಹೊಲದ ಬದುವಿನಲ್ಲಿ ನಿಲ್ಲಿಸಿದ್ದನಂತೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಹಿಂಬದಿಯ ಮಡ್ಗಾರ್ಡು, ಕನ್ನಡಿಗಳ ಹಿಂಭಾಗ, ಸೀಟಿನ ಕೆಳಗಿನ ಕಪ್ಪು ಪ್ಲಾಸ್ಟಿಕ್ಕು ಎಲ್ಲವೂ ಬೂದಿ ಬಳಿದಂತೆ ಬೆಳ್ಳಗಾಗಿದ್ದವು. ಬೆರಳಾಡಿಸಿದರೆ ಸುಣ್ಣದ ಪುಡಿಯಂಥದು ಅಂಟುತ್ತಿತ್ತು. ಮೊದಲ ದಿನ ಶಾಲೆಯ ತಿರುವು ಬಂದೊಡನೆ ಮಗ, "ಅಪ್ಪಾ, ಇಲ್ಲೇ ಇಳಿಸು, ನಡಕೊಂತ ಹೋಗ್ತೀನಿ" ಎಂದ. ಎರಡನೆಯ ದಿನವೂ ಹಾಗೆಯೇ. ಅವನಿಗೆ ನಾಚಿಕೆಯಾಗುತ್ತಿರುವುದು ಗಾಡಿಯಿಂದಲೋ ಅಥವಾ ವ್ಯಾನು ನಿಲ್ಲದ ಆ ಶಾಲೆಯಿಂದಲೋ ಎಂಬ ಸಂಶಯ ನನ್ನನ್ನು ರಾತ್ರಿಯೆಲ್ಲ ಕಾಡಿತು. ಕೇಳಲು ಧೈರ್ಯವಾಗಲಿಲ್ಲ. ಭಾನುವಾರ ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ, ಅವನನ್ನೂ ಕರೆದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಕೊಬ್ಬರಿ ಎಣ್ಣೆ ಸವರಿದೆ. ಕ್ಷಣದಲ್ಲಿ ಕಡುಗಪ್ಪು! ಬುಧವಾರದ ಹೊತ್ತಿಗೆ ಅದರ ಮೇಲೆ ದಾರಿಯ ಧೂಳೆಲ್ಲ ಮೆತ್ತಿ ಮೊದಲಿಗಿಂತ ಹೊಲಸಾಯಿತು. ನವೆಂಬರ್ 1ರಂದು ಬಂದು ಶಾಲು ಹೊದಿಸಿ, 2ರಂದು ಕಾಣೆಯಾಗುವವರ ನೆನಪಾಗಿ ನಗು ಬಂತು. ಎರಡನೆಯ ತಪ್ಪು ಇನ್ನೂ ದೊಡ್ಡದು. ಹಾರ್ಡ್‌ವೇರ್ ಅಂಗಡಿಯಿಂದ ವಾಟರ್ ಪೇಪರ್ ತಂದು ಎಡಗನ್ನಡಿಯ ಹಿಂಭಾಗವನ್ನು ಉಜ್ಜಿದೆ. ಅಂಥ ಕಪ್ಪು ಪ್ಲಾಸ್ಟಿಕ್ಕಿಗೆ ಅಚ್ಚಿನಲ್ಲೇ ಬಂದ ತರಿತರಿಯಾದ ಮೈ ಇರುತ್ತದೆ. ಒಮ್ಮೆ ಉಜ್ಜಿ ನುಣುಪಾಗಿಸಿದರೆ ಅದು ಮರಳಿ ಬಾರದು. ಇಂದಿಗೂ ಆ ಕನ್ನಡಿ ಬೋಳುತಲೆಯಂತೆ ಹೊಳೆಯುತ್ತದೆ.

ಆಗ ಮಗ ಕೇಳಿದ: "ಇದು ಬೆಳ್ಳಗ ಯಾಕ ಆಗ್ತೈತಿ?" ಗ್ಯಾರೇಜಿನವ ಹೇಳಿದ್ದನ್ನೇ ನಾನೂ ಹೇಳಿದೆ: "ಯುವಿ ಬಡದೈತಿ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತಿನೇರಳೆ ಕಿರಣ ಏನು?" ಎಂದ. ಪುಣೆಯ ಬಾಲಭಾರತಿಯವರು ಅಚ್ಚುಹಾಕುವ ಕನ್ನಡ ಪುಸ್ತಕದಿಂದ ಕಲಿತ ಪದ. ಪರೀಕ್ಷೆಗೆಂದು ಕಲಿತದ್ದು, ಅದು ನಮ್ಮ ಅಂಗಳದಲ್ಲಿ, ನಮ್ಮ ಗಾಡಿಯ ಮೇಲೆ ಬಿದ್ದಿದೆಯೆಂದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ. ನನಗೋ ಆ ಪದವೇ ಗೊತ್ತಿರಲಿಲ್ಲ. ಒಳಗಿನ ಉದ್ದುದ್ದ ಸರಪಳಿಯಂಥ ಅಣುಗಳನ್ನು ಆ ಕಿರಣಗಳು ತುಂಡರಿಸುತ್ತವೆ. ಗಾಳಿಯ ಆಮ್ಲಜನಕ ಸೇರಿ ಮೇಲ್ಪದರ ಪೆಡಸಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬೀಳುತ್ತವೆ. ಬೆಳಕು ಆ ಬಿರುಕುಗಳಲ್ಲಿ ಚದುರುವುದರಿಂದ ಕಪ್ಪು ನಮಗೆ ಬಿಳುಪಾಗಿ ಕಾಣುತ್ತದೆ. ಇಷ್ಟನ್ನು ನಾವಿಬ್ಬರೂ ಸೇರಿ, ಅರ್ಧ ಅವನ ಪುಸ್ತಕದಿಂದ, ಅರ್ಧ ಮೊಬೈಲಿನ ಹಿಂದಿ ವೀಡಿಯೊದಿಂದ ಜೋಡಿಸಿಕೊಂಡೆವು. ಎಲ್ಲವೂ ಕನ್ನಡದಲ್ಲೇ ದೊರೆಯಿತೆಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ.

ಕಾರಣ ತಿಳಿದ ಮೇಲೆ ಉಪಾಯವೂ ತಿಳಿಯಿತು. ಬಿರುಕನ್ನು ತುಂಬಬೇಕು, ತುಂಬಿದ್ದು ಗಟ್ಟಿಯಾಗಿ ನಿಲ್ಲಬೇಕು. ಕೊಬ್ಬರಿ ಎಣ್ಣೆ ಒಣಗುವುದಿಲ್ಲ; ಅಗಸಿ ಎಣ್ಣೆ ಗಾಳಿಯ ಆಮ್ಲಜನಕವನ್ನೇ ಹೀರಿ ತೆಳುವಾದ ಪೊರೆಯಾಗಿ ಗಟ್ಟಿಯಾಗುತ್ತದೆ. ನಮ್ಮ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಹಿಂಡಿ ಮಾಡಿಕೊಂಡು ತಿನ್ನುವ ಅದೇ ಅಗಸಿ! ಆದರೆ ಅಡುಗೆಯ ಎಣ್ಣೆ ಒಣಗಲು ಬಹಳ ದಿನ ಬೇಕು. ಬಣ್ಣದ ಅಂಗಡಿಯಲ್ಲಿ ಮರಕ್ಕೆ ಹಚ್ಚಲು ಮಾರುವ, ಕಾಯಿಸಿದ ಅಗಸಿ ಎಣ್ಣೆಯನ್ನು ಕೇಳಿ ತನ್ನಿ. ಸಾಬೂನು ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿಪುಡಿ ಹೋಗುವವರೆಗೆ ತಿಕ್ಕಿ ತೊಳೆದು, ಪೂರ್ತಿ ಒಣಗಿಸಿ. ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಅರ್ಧ ಗಂಟೆಯ ಬಳಿಕ ಮೇಲುಳಿದುದನ್ನು ಒರೆಸಿಬಿಡಿ. ದಪ್ಪಗೆ ಬಿಟ್ಟರೆ ಅಂಟಂಟಾಗುತ್ತದೆ. ಎರಡು ದಿನ ನೆರಳಿನಲ್ಲಿ, ಧೂಳಿಲ್ಲದೆಡೆ ನಿಲ್ಲಿಸಿ. ಬಣ್ಣ ಬಳಿದ ಭಾಗಗಳಿಗೆ ಈ ಎಣ್ಣೆ ಬೇಡ; ಅವಕ್ಕೆ ಪಾಲಿಶ್ ಸಾಕು.

ಒಂದು ಮಾತನ್ನು ಮರೆಯಬೇಡಿ. ಅಗಸಿ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಒಣಗುವಾಗ ಹುಟ್ಟುವ ಶಾಖದಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ. ಮಕ್ಕಳೊಂದಿಗೆ ಮಾಡುವ ಕೆಲಸವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಗಾಡಿ ಹೊಸದಾಗಲಿಲ್ಲ. ತುಂಡಾದ ಸರಪಳಿ ಕೂಡುವುದಿಲ್ಲ, ಪೆಡಸಾದ ಪ್ಲಾಸ್ಟಿಕ್ಕು ಮೆತ್ತಗಾಗುವುದಿಲ್ಲ. ಆದರೆ ಕಪ್ಪು ಕಪ್ಪಾಗಿ ಕಾಣುತ್ತಿದೆ, ಒಂದು ಮಳೆಗಾಲವನ್ನೂ ತಡೆದಿದೆ. ಮಗ ತನ್ನ ವಿಜ್ಞಾನದ ವಹಿಯಲ್ಲಿ ಇದನ್ನೆಲ್ಲ ಒಂದೂವರೆ ಪುಟ ಬರೆದ. "ಆಮ್ಲಜನಕ"ವನ್ನು ಎರಡು ಕಡೆ ತಪ್ಪಾಗಿ ಬರೆದಿದ್ದ, ತಿದ್ದಿಕೊಟ್ಟೆ. ನೆರೆಯ ಹಿರಿಯರಿಗೆ ಕೊಡುವ ಉತ್ತರ ನನಗಿನ್ನೂ ಸಿಕ್ಕಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಅವನು ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಓದಬೇಕಾದೀತು. ಆ ಭಯ ನಿಮ್ಮಂತೆ ನನಗೂ ಇದೆ.

ಕಳೆದ ತಿಂಗಳು ಧೈರ್ಯ ಮಾಡಿ ಗಾಡಿಯನ್ನು ನೇರವಾಗಿ ಶಾಲೆಯ ಗೇಟಿಗೇ ಒಯ್ದೆ. ತಿರುವಿನಲ್ಲೇ ಅವನು ಬೆನ್ನು ತಟ್ಟಿದ: "ಅಪ್ಪಾ, ಇಲ್ಲೇ ನಿಲ್ಲಿಸು ಅಂದ್ರ! ನಮ್ಮ ಹುಡುಗ್ರು ಎಲ್ಲಾರೂ ಇಲ್ಲೇ ಕೂಡ್ತಾರ." ತಿರುಗಿ ನೋಡಿದರೆ ಆಲದ ಕಟ್ಟೆಯ ಮೇಲೆ ಆರೇಳು ಹುಡುಗರು ಕುಳಿತು ಅವನಿಗಾಗಿ ಕಾಯುತ್ತಿದ್ದರು.

ಯುಗಾದಿಗೆ ಮುಂಚೆ, ಬಿಸಿಲೇರುವ ಮೊದಲು, ಇನ್ನೊಮ್ಮೆ ಹಚ್ಚಬೇಕು. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಉಳಿದಿದೆ. ನಮ್ಮ ದಾರಿಯಲ್ಲೇ ಮಕ್ಕಳನ್ನು ಬಿಡಲು ಬರುವವರು ಯಾರಿಗೆ ಬೇಕಿದ್ದರೂ ತಿಳಿಸಿ; ತಂದುಕೊಡುತ್ತೇನೆ.