ಅತ್ತಿಗೆಗೆ ಒಲ್ಲೆ ಅನ್ನಲು ಜಾಗವಿತ್ತೆ?

ಟಾಸ್ಕರ್ ಟೌನ್, ಶಿವಾಜಿನಗರ
ಬೆಂಗಳೂರು

ಪ್ರೀತಿಯ ತಂಗಿಗೆ,

ಬಾಣಂತಿ ಗೆಳತಿ, ಅವಳ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತರುವುದು ನನ್ನ ಪಾಲಿನ ಕೆಲಸ. 1927ರ ಹಳೇ ಕಟ್ಟಡ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಸೊಪ್ಪಿನವನು ಉರ್ದುವಿನಲ್ಲಿ ಬೆಲೆ ಕೂಗುತ್ತಾನೆ, ತಮಿಳಿನಲ್ಲಿ ಚೌಕಾಸಿ ಕೇಳಿಸಿಕೊಳ್ಳುತ್ತಾನೆ, ನನಗೆ ಕನ್ನಡದಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಾನೆ.

ನಿನ್ನ ಫೋನು ಬಂದಾಗಿನಿಂದ ತಲೆಯಲ್ಲಿ ಅತ್ತಿಗೆಯ ವಿಷಯವೇ ತುಂಬಿಕೊಂಡಿದೆ. ಅಜ್ಜಿಯ ಸೊಂಟದ ಮೂಳೆ ಮುರಿದಿರುವುದರಿಂದ ಅತ್ತಿಗೆ ಸ್ಕೂಲಿನ ಕೆಲಸ ಬಿಡುವುದೇ ಸರಿ, ಅವಳೂ ಸಂತೋಷದಿಂದ ಒಪ್ಪಿದ್ದಾಳೆ ಎಂದು ನೀನು ಅಂದೆ. ‘ಒಲ್ಲೆ ಅನ್ನುವುದಕ್ಕೆ ಅವಳಿಗೆ ಜಾಗವಿತ್ತಾ?’ ಅಂತ ನಾನು ಕೇಳಿದೆ. ನೀನು ಸುಮ್ಮನಾದೆ. ಆ ಮಾತು ನನ್ನ ಬಾಯಿಗೆ ಹೇಗೆ ಬಂತು ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಗೆಳತಿಯ ಕಪಾಟಿನಲ್ಲಿ ಎಚ್.ಎಸ್. ಶ್ರೀಮತಿಯವರು ಕನ್ನಡಕ್ಕೆ ತಂದ, ಫ್ರೆಂಚ್ ಲೇಖಕಿ ಸಿಮೋನ್ ದ ಬುವಾಳ ‘ದ ಸೆಕೆಂಡ್ ಸೆಕ್ಸ್’ ಇದೆ. ಮೂಲ ಫ್ರೆಂಚಿನಲ್ಲಿ ಅದು ಬಂದದ್ದು 1949ರಲ್ಲಿ. ಮಗು ಮಲಗಿದಾಗ ಓದುತ್ತಿದ್ದೇನೆ. ಹೆಣ್ಣಿನ ಬದುಕನ್ನು ಅಳೆಯುವಾಗ ಸುಖದ ಅಳತೆಗೋಲನ್ನು ಆಕೆ ಆರಂಭದಲ್ಲೇ ಪಕ್ಕಕ್ಕಿಡುತ್ತಾಳೆ. ಇನ್ನೊಬ್ಬರನ್ನು ನಾವು ಎಲ್ಲಿ ಕೂರಿಸಬೇಕು ಅಂದುಕೊಂಡಿರುತ್ತೇವೋ ಅಲ್ಲಿ ಅವರು ಸುಖವಾಗಿದ್ದಾರೆ ಎಂದು ಹೇಳಿಬಿಡುವುದು ನಮಗೆ ಬಲು ಸುಲಭ. ಆಕೆ ಕೇಳುವುದು, ಅವರ ಮುಂದೆ ಬೇರೆ ದಾರಿ ತೆರೆದಿತ್ತೇ ಎಂದು. ಓದುತ್ತ ಮೈ ಜುಮ್ಮೆಂದಿತು. ಫೋನಿನಲ್ಲಿ ನಾನು ಕೇಳಿದ್ದೂ ಇದನ್ನೇ ಅಲ್ಲವೇ!

ಪ್ಯಾರಿಸ್ಸಿನಲ್ಲಿ ಕೂತು ಬರೆದವಳ ವಿಚಾರ ನನ್ನಂಥ ನಮ್ಮೂರಿನವಳ ಬಾಯಿಗೆ ಹೇಗೆ ಬಂತು? ನಮ್ಮಿಬ್ಬರಿಗೂ ಇದನ್ನು ಮೊದಲು ಕಲಿಸಿದವರು ಕಾಸರಗೋಡಿನ ಸಾರಾ ಅಬೂಬಕ್ಕರ್ ಇರಬೇಕು. ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಓದಿ ನೀನು ರಾತ್ರಿಯೆಲ್ಲ ಅತ್ತದ್ದು ಮರೆತಿಲ್ಲ. ಅದರ ನಾದಿರಾಳಿಗೆ ಗಂಡನ ಮನೆ ಬೇಕು. ತಲಾಕ್ ಕೊಡಿಸುವವನು ಅಪ್ಪ. ಮತ್ತೆ ಗಂಡನ ಬಳಿ ಹೋಗಬೇಕೆಂದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು. ಪ್ರತಿಯೊಂದೂ ಅವಳ ಹೆಸರಿನಲ್ಲೇ ನಡೆಯುತ್ತದೆ, ಒಂದನ್ನೂ ಅವಳು ಆರಿಸಿಕೊಂಡಿರುವುದಿಲ್ಲ. ಅಂಥ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಿನ್ನೆ ಶಿವಾಜಿನಗರ ಬಸ್ ನಿಲ್ದಾಣದಿಂದ ಕೆ.ಆರ್. ಪುರದ ಕಡೆ ಹೊರಟಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬರು ಬುರ್ಖಾದ ತೋಳು ಮಡಚಿ, ಕಂಡಕ್ಟರ್ ಕೊಟ್ಟ ಗುಲಾಬಿ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟರು. ‘ಮೊದ್ಲು ಅಕ್ಕನ್ ಮನೇಗ್ ಹೋಗ್ಬೇಕಂದ್ರೆ ಮಗನ್ ಹತ್ರ ಕಾಸ್ ಕೇಳ್ಬೇಕಿತ್ತಮ್ಮಾ. ಕಾಸ್ ಕೇಳಿದ್ರೆ ಯಾಕೆ ಅಂತ ಹೇಳ್ಬೇಕು. ಈಗ ಹೇಳೋದೇ ಇಲ್ಲ, ಹೋಗ್ತೀನಿ,’ ಅಂದರು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದರ ಖರ್ಚಿನ ಬಗ್ಗೆ ಎಷ್ಟೋ ವಾದ ಕೇಳಿದ್ದೇನೆ. ಆ ‘ಯಾಕೆ’ಯ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ. ಕಾನೂನು ಕೊಟ್ಟ ಹಕ್ಕು ಕೈಯಲ್ಲಿ ಕಾಸಿಲ್ಲದಿದ್ದರೆ ಬರೀ ಕಾಗದದ ಮೇಲಿರುತ್ತದೆ ಎಂದು ಬುವಾ ಒತ್ತಿ ಒತ್ತಿ ಹೇಳುವುದೂ ಇದಕ್ಕೇ. ಅತ್ತಿಗೆಯ ಸಂಬಳ ಚಿಕ್ಕದು ಅಂತ ಅಣ್ಣ ಅನ್ನುತ್ತಾನಲ್ಲ, ಆ ಚಿಕ್ಕ ಸಂಬಳದಿಂದಲೇ ಅವಳು ಯಾರನ್ನೂ ಕೇಳದೆ ತವರಿಗೆ ಹೋಗಿಬರುತ್ತಾಳೆ.

ಆಯ್ಕೆಯ ಮಾತು ಬಂದಾಗ ಇಲ್ಲಿನ ಘೋಷಾ ಆಸ್ಪತ್ರೆ ನೆನಪಾಗುತ್ತದೆ. ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರಿನದು, ಪರದೆಯೊಳಗಿನ ಹೆಂಗಸರ ಹೆರಿಗೆಗೆಂದು ಹುಟ್ಟಿದ್ದು. ಗೇಟಿನಲ್ಲಿ ಈಗ ಬುರ್ಖಾದವರೂ ಕುಂಕುಮದವರೂ ಒಟ್ಟಿಗೇ ಕಾಯುತ್ತಿರುತ್ತಾರೆ. ಪರದೆ ಹೋಗಲಿ, ಆಮೇಲೆ ಔಷಧ ಎಂದು ನೋವು ತಿನ್ನುತ್ತಿರುವವಳಿಗೆ ಹೇಳಲಾದೀತೆ? ಮನುಷ್ಯರು ಆರಿಸಿಕೊಳ್ಳುವುದು ತಾವು ನಿಂತ ನೆಲದ ಮೇಲಿಂದಲೇ. ಅದಕ್ಕೇ ಅತ್ತಿಗೆ ಒಪ್ಪಿದಳೆಂದು ನಾನು ಅವಳನ್ನು ದೂರಲಾರೆ. ಆದರೆ ಆ ನೆಲವನ್ನು ಇಷ್ಟು ಇಕ್ಕಟ್ಟು ಮಾಡಿದವರಲ್ಲಿ ನಾವೂ ಇದ್ದೇವಲ್ಲ? ನಾನು ಇಲ್ಲಿ ಬೇಕಾದಲ್ಲಿ ಓಡಾಡುತ್ತಿರುವುದು ಅವಳು ಅಲ್ಲಿ ಅಜ್ಜಿಯ ಪಕ್ಕ ಕೂತಿರುವುದರಿಂದ. 1947ರಲ್ಲೇ ಬುವಾ ಇನ್ನೊಂದು ಪುಸ್ತಕದಲ್ಲಿ ವಾದಿಸಿದ್ದಳು: ನನ್ನ ಸ್ವಾತಂತ್ರ್ಯ ನನಗೆ ಬೇಕು ಅನ್ನುವವಳು ಉಳಿದವರ ಸ್ವಾತಂತ್ರ್ಯವನ್ನೂ ಬಯಸಲೇಬೇಕು.

ಅಜ್ಜಿಯನ್ನು ಮರೆತಿದ್ದೇನೆ ಅಂದುಕೊಳ್ಳಬೇಡ. ಅವಳನ್ನು ಯಾರಾದರೂ ಎತ್ತಬೇಕು, ತಿರುಗಿಸಬೇಕು, ಸ್ನಾನ ಮಾಡಿಸಬೇಕು. ಆ ಆರೈಕೆ ದೊಡ್ಡದು. ದೊಡ್ಡದಾದ್ದರಿಂದಲೇ ಒಬ್ಬಳ ತಲೆಗೆ ಕಟ್ಟಬಾರದು. ಅಜ್ಜಿಯೂ ಒಂದು ಹೊರೆಯಂತೆ ಹಂಚಿಕೆಯಾಗಬೇಕಾದವಳಲ್ಲ, ಅವಳಿಗೂ ಮಾತಿದೆ. ತನ್ನನ್ನು ಯಾರು ನೋಡಿಕೊಳ್ಳಬೇಕೆಂದು ಅವಳನ್ನು ಒಬ್ಬರಾದರೂ ಕೇಳಿದ್ದೀರಾ?

ಈಗ ನೀನು ಒಂದು ಕೆಲಸ ಮಾಡು. ಅಣ್ಣ ದಿನದಲ್ಲಿ ಎಷ್ಟು ಹೊತ್ತು ಕೊಡುತ್ತಾನೆ ಎಂದು ಮೊದಲು ಅವನಿಂದ ಹೇಳಿಸು. ಹಗಲಿಗೆ ಒಬ್ಬ ಆಯಾ ಇಟ್ಟುಕೊಂಡರೆ ಅವಳ ಸಂಬಳದ ಅರ್ಧ ನಾನು ಕೊಡುತ್ತೇನೆ. ಪ್ರತಿ ತಿಂಗಳ ಕೊನೆಯ ವಾರ ನಾನೇ ಬಂದು ಅಜ್ಜಿಯ ಬಳಿ ಇರುತ್ತೇನೆ. ಇದೆಲ್ಲ ಗೊತ್ತಾದ ಮೇಲೆ ಅತ್ತಿಗೆಯನ್ನು ಇನ್ನೊಮ್ಮೆ ಕೇಳಿ. ಆಗಲೂ ಕೆಲಸ ಬಿಡುತ್ತೇನೆ ಅಂದರೆ ಅದು ಅವಳ ಮಾತು, ನಾನು ತಲೆಬಾಗುತ್ತೇನೆ. ರಾಜೀನಾಮೆ ಪತ್ರವನ್ನು ಮಾತ್ರ ಅಲ್ಲಿಯವರೆಗೆ ಕಳಿಸಬೇಡಿ.

ನಿನ್ನ ಅಕ್ಕ