ಕನ್ನಡಿಯಿಲ್ಲದ ಕ್ಯಾಮೆರಾ

ಮೀನು ಕೊಳ್ಳುವ ವಿದ್ಯೆಯನ್ನು ಮಂಗಳೂರಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಬಂದರಿನ ಧಕ್ಕೆಗೆ ಹೋದ ಯಾವ ಗೃಹಸ್ಥನೂ ಕಿವಿರೆತ್ತಿ ಕೆಂಪಾಗಿದೆಯೇ ಎಂದು ನೋಡದೆ, ಕಣ್ಣು ಹೊಳೆಯುತ್ತಿದೆಯೇ ಎಂದು ಪರೀಕ್ಷಿಸದೆ ಬಂಗುಡೆಗೆ ಬೆಲೆ ಕಟ್ಟಲಾರ. ಆದರೆ ಕ್ಯಾಮೆರಾಕ್ಕೆ ಕಿವಿರಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲವೂ ಒಂದೇ ಬಣ್ಣ, ಎಲ್ಲವೂ ಒಂದೇ ಹೊಳಪು. ಬೆಲೆಯ ಚೀಟಿಯೊಂದನ್ನು ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇನೆಂಬುದು ಹೊಸಬನಿಗೆ ತಿಳಿಯುವುದೇ ಇಲ್ಲ. ಕಳೆದ ವರ್ಷ ಕ್ಯಾಮೆರಾ ಕೊಳ್ಳಲು ಹೊರಟ ನನಗೆ ಆದ ಅನುಭವವೂ ಇದೇ. ಅದರಿಂದ ನಾನು ಕಲಿತ ನಾಲ್ಕು ಮಾತುಗಳು ನನ್ನಂಥ ಇತರರಿಗೂ ಉಪಯೋಗವಾದೀತೆಂಬ ಆಶೆಯಿಂದ ಈ ಬರೆಹ.

ನನಗೇಕೆ ಕ್ಯಾಮೆರಾ ಬೇಕಾಯಿತೆಂಬುದನ್ನು ಮೊದಲು ಹೇಳಬೇಕು. ನನ್ನ ಸೋದರಮಾವ ತೆಂಕುತಿಟ್ಟಿನ ಮೇಳವೊಂದರಲ್ಲಿ ಬಣ್ಣದ ವೇಷಧಾರಿ. ಬಣ್ಣದ ವೇಷವೆಂದರೆ ಸುಲಭದ ಕೆಲಸವಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಚುಟ್ಟಿ ಇಡಬೇಕು. ಚೌಕಿಯಲ್ಲಿ ಸಣ್ಣದೊಂದು ಕನ್ನಡಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಬರೆದ ಆ ಮುಖ ಬೆಳಗಾಗುವಾಗ ತೆಂಗಿನೆಣ್ಣೆಯಲ್ಲಿ ಅಳಿಸಿ ಹೋಗುತ್ತದೆ. ಕಳೆದ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮನೆಗೆ ಬಂದ ಮಾವ, “ಇನ್ನೊಂದು ತಿರುಗಾಟ, ಮತ್ತೆ ಸಾಕು. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ” ಎಂದರು. ಮೂವತ್ತು ವರ್ಷ ಬರೆದು ಅಳಿಸಿದ ಆ ಮುಖದ ಒಂದೇ ಒಂದು ಒಳ್ಳೆಯ ಪಟ ನಮ್ಮ ಮನೆಯಲ್ಲಿರಲಿಲ್ಲ. ಫೋನಿನಲ್ಲಿ ತೆಗೆದವು ಬೇಕಾದಷ್ಟಿದ್ದವು, ಆದರೆ ಅವುಗಳಲ್ಲಿ ಕಿರೀಟದ ಹೊಳಪಿತ್ತು, ದೀಪದ ಝಗಝಗವಿತ್ತು, ಮುಖವಿರಲಿಲ್ಲ.

ಹಣದ ಮಾತು ಬಂದಾಗ ಅಮ್ಮ ಮುಂದೆ ಬಂದಳು. ನಾನು ಶನಿವಾರ, ಭಾನುವಾರ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ್ದು ಸ್ವಲ್ಪ. ಉಳಿದುದು ಅಮ್ಮ ಬೀಡಿ ಕಟ್ಟಿ ಉಳಿಸಿದ್ದು. ಎಲ್ಲ ಸೇರಿ ೭೫ ಸಾವಿರ ರೂಪಾಯಿ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಅಂಥ ಎಷ್ಟು ಕಟ್ಟುಗಳಿಗೆ ಈ ಹಣ ಸಮವೆಂಬ ಲೆಕ್ಕವನ್ನು ನಾನು ಹಾಕಲು ಹೋಗಲಿಲ್ಲ. ಹಣ ಕೊಡುವ ಮೊದಲು ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಫೋನಿನಲ್ಲಿ ಆಗದ್ದು ಇದರಲ್ಲಿ ಏನಾಗ್ತದೆ ಮಗಾ? ನನಗೆ ತಿಳಿಯುವ ಹಾಗೆ ಹೇಳು, ಮತ್ತೆ ತಕ್ಕೊ.” ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ನನ್ನನ್ನು ಇಷ್ಟು ಓದಿಸಿರಲಿಲ್ಲ.

ಮಿರರ್‌ಲೆಸ್ ಎಂಬ ಹೆಸರಿನಿಂದಲೇ ಪ್ರಾರಂಭಿಸೋಣ. ಹಿಂದಿನ ಎಸ್.ಎಲ್.ಆರ್. ಕ್ಯಾಮೆರಾದ ಹೊಟ್ಟೆಯಲ್ಲಿ ಓರೆಯಾಗಿ ನಿಂತ ಒಂದು ಕನ್ನಡಿಯುಂಟು. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ; ಗುಂಡಿ ಒತ್ತಿದ ಕ್ಷಣ ಸರಕ್ಕನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಹೊಸ ಬಗೆಯದರಲ್ಲಿ ಈ ಕನ್ನಡಿಯನ್ನೇ ತೆಗೆದುಹಾಕಿದ್ದಾರೆ. ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಅದು ಕಂಡುದನ್ನೇ ನಾವು ಪರದೆಯ ಮೇಲೆ ಕಾಣುತ್ತೇವೆ. ಪಟ ಕಪ್ಪಾಗುವುದೋ ಬೆಳ್ಳಗಾಗುವುದೋ ಎಂಬುದು ತೆಗೆಯುವ ಮೊದಲೇ ತಿಳಿಯುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯ ಬೇರಿಲ್ಲ. ಲೆನ್ಸ್ ಬದಲಾಯಿಸಬಹುದಾದ ಈ ಬಗೆಯ ಕ್ಯಾಮೆರಾ ಜನಸಾಮಾನ್ಯರ ಕೈಗೆ ಬರತೊಡಗಿದ್ದು ೨೦೦೮ರಲ್ಲಿ, ಪ್ಯಾನಸಾನಿಕ್ ಕಂಪೆನಿಯ ಜಿ ೧ ಎಂಬುದರಿಂದ. ೨೦೧೮ರಲ್ಲಿ ಕ್ಯಾನನ್ನಿನ ಆರ್, ನಿಕಾನಿನ ಝಡ್ ಎಂಬ ಹೊಸ ಮೌಂಟುಗಳು ಬಂದ ಮೇಲಂತೂ ಕನ್ನಡಿಯ ಕಾಲ ಮುಗಿಯುತ್ತ ಬಂತೆಂದೇ ಹೇಳಬೇಕು.

ಮೌಂಟು ಎಂದರೆ ಲೆನ್ಸು ಕೂರುವ ಬಾಯಿ. ಕ್ಯಾಮೆರಾ ಕೊಳ್ಳುವುದೆಂದರೆ ಒಂದು ಮನೆತನದೊಡನೆ ಸಂಬಂಧ ಬೆಳೆಸಿದಂತೆ. ಹುಡುಗನೊಬ್ಬನನ್ನೇ ನೋಡಿದರೆ ಸಾಲದು. ಮುಂದೆ ಬರಹೋಗುವ ನೆಂಟರಿಷ್ಟರನ್ನೂ ನೋಡಬೇಕು. ಕ್ಯಾನನ್ನಿನವರು ೨೦೧೨ರಲ್ಲಿ ಎಮ್ ಎಂಬ ಒಂದು ಮನೆತನವನ್ನು ಹುಟ್ಟಿಸಿ, ಹತ್ತು ವರ್ಷ ಕಳೆಯುತ್ತಿದ್ದಂತೆ ಅದನ್ನು ಅಲ್ಲಿಗೇ ನಿಲ್ಲಿಸಿದರು. ಅದರ ಲೆನ್ಸುಗಳು ಹೊಸ ಆರ್ ಕ್ಯಾಮೆರಾಗಳ ಬಾಯಿಗೆ ಕೂರುವುದಿಲ್ಲ. ನಿಕಾನ್ ೧ ಎಂಬ ಮನೆತನವೂ ೨೦೧೧ರಲ್ಲಿ ಹುಟ್ಟಿ ೨೦೧೮ರಲ್ಲಿ ಮುಗಿಯಿತು. ಹಳೆಯದು ಅಗ್ಗವಾಗಿ ಸಿಗುತ್ತದೆಂದು ಹೋಗುವವರು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಸಲಹೆಗಾರರ ವಿಚಾರ. ಕ್ಯಾಮೆರಾ ಕೊಳ್ಳುತ್ತೇನೆಂದು ಒಬ್ಬರಿಗೆ ಹೇಳಿದರೆ ಸಾಕು, ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಎಲ್ಲರೂ ಪಂಡಿತರೇ. ಮದುವೆ ಪಟ ತೆಗೆಯುವ ಪರಿಚಿತರೊಬ್ಬರು, “ದೊಡ್ಡ ಸೆನ್ಸರಿನದೇ ತೆಗೆದುಕೊ, ಇಲ್ಲವಾದರೆ ಸುಮ್ಮನಿರು” ಎಂದರು. ದೊಡ್ಡದರ ಅಳತೆ ೩೬ಕ್ಕೆ ೨೪ ಮಿಲಿಮೀಟರು. ಅದರ ಬೆಲೆ ನಮ್ಮ ಅಂಗಳ ದಾಟಿದ್ದು. ಸಹಪಾಠಿಯೊಬ್ಬ, “ಮೆಗಾಪಿಕ್ಸೆಲ್ ಎಷ್ಟೆಂದು ನೋಡು, ಉಳಿದುದೆಲ್ಲ ಬೊಗಳೆ” ಎಂದ. ನನ್ನ ಕೈಗೆ ಎಟಕುವಂತಿದ್ದವು ನಾಲ್ಕು: ಕ್ಯಾನನ್ ಆರ್ ೧೦೦, ಅದೇ ಮನೆಯ ಆರ್ ೫೦, ನಿಕಾನ್ ಝಡ್ ೩೦, ಸೋನಿ ಝಡ್‌ವಿ-ಇ ೧೦. ಇವುಗಳಲ್ಲಿ ಮೆಗಾಪಿಕ್ಸೆಲ್ ೨೧ರಿಂದ ೨೪ರ ಒಳಗೇ. ಗೋಡೆಗೆ ಹಾಕುವ ದೊಡ್ಡ ಪಟಕ್ಕೂ ಅದು ಧಾರಾಳವಾಗಿ ಸಾಕು. ಆದ್ದರಿಂದ ಆ ಸಂಖ್ಯೆಯಿಂದ ನಿರ್ಣಯವೇನೂ ಆಗುವಂತಿರಲಿಲ್ಲ.

ಹಾಗಾದರೆ ವ್ಯತ್ಯಾಸವೆಲ್ಲಿ? ಝಡ್ ೩೦, ಝಡ್‌ವಿ-ಇ ೧೦ ಇವೆರಡಕ್ಕೂ ಕಣ್ಣಿಟ್ಟು ನೋಡುವ ಕಿಂಡಿಯಿಲ್ಲ. ಹಿಂದಿನ ಪರದೆಯನ್ನೇ ನೋಡಬೇಕು. ಮಾತಾಡುತ್ತ ಚಲನಚಿತ್ರ ತೆಗೆಯುವವರಿಗೆ ಇವು ಬಹು ಅನುಕೂಲ. ಪಣಂಬೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಮಂಕಾಗುವುದೊಂದು ತೊಡಕು. ಆರ್ ೫೦ಕ್ಕೆ ಕಿಂಡಿಯೂ ಉಂಟು, ಬೇಕಾದ ಕಡೆಗೆ ತಿರುಗುವ, ಬೆರಳು ಮುಟ್ಟಿದರೆ ಮಾತು ಕೇಳುವ ಪರದೆಯೂ ಉಂಟು. ಸೆಕೆಂಡಿಗೆ ೧೨ ಪಟ ತೆಗೆಯುವ ಚುರುಕೂ ಉಂಟು. ಆರ್ ೧೦೦ ಇದರ ಬಡ ತಮ್ಮ. ಕಿಂಡಿಯಿದೆ, ಪರದೆ ತಿರುಗುವುದಿಲ್ಲ, ಮುಟ್ಟಿದರೂ ಜಗ್ಗುವುದಿಲ್ಲ. ಕಂಬಳದ ಕೋಣಗಳ ಬೆನ್ನು ಹತ್ತುವುದು ನನ್ನ ಉದ್ದೇಶವಾಗಿದ್ದರೆ ಆರ್ ೫೦ನ್ನು ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಆದರೆ ನನಗೆ ಬೇಕಾದುದು ರಾತ್ರಿಯ ರಂಗಸ್ಥಳ. ಅಲ್ಲಿ ಮುಖ್ಯವಾದುದು ಬೆಳಕು.

ಅಮ್ಮನ ಪ್ರಶ್ನೆಗೆ ಉತ್ತರ ದೊರೆತುದೂ ಇಲ್ಲಿಯೇ. ಫೋನಿನ ಸೆನ್ಸರು ಕಿರುಬೆರಳ ಉಗುರಿನಷ್ಟು. ಈ ಕ್ಯಾನನ್ ಕ್ಯಾಮೆರಾಗಳದು ೨೨ಕ್ಕೆ ೧೫ ಮಿಲಿಮೀಟರು. ಸಣ್ಣ ಬಟ್ಟಲಿನಲ್ಲಿ ಮಳೆನೀರು ಹಿಡಿಯುವುದಕ್ಕೂ ಪರಾತದಲ್ಲಿ ಹಿಡಿಯುವುದಕ್ಕೂ ಇರುವ ಭೇದವೇ ಇಲ್ಲಿಯೂ. ಆದರೆ ಪರಾತವಿದ್ದರಷ್ಟೇ ಸಾಲದು, ಮಾಡಿನ ಕಂಡಿಯೂ ದೊಡ್ಡದಿರಬೇಕು. ಕ್ಯಾಮೆರಾದ ಜತೆಗೇ ಕೊಡುವ ೧೮-೪೫ ಮಿ.ಮೀ. ಲೆನ್ಸಿನ ಕಂಡಿ, ದೂರದ್ದನ್ನು ಹತ್ತಿರ ತಂದಾಗ ಎಫ್ ೬.೩ಕ್ಕೆ ಕಿರಿದಾಗುತ್ತದೆ. ೫೦ ಮಿ.ಮೀ. ಲೆನ್ಸಿನದು ಎಫ್ ೧.೮. ಈ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ೬.೩ನ್ನು ೧.೮ರಿಂದ ಭಾಗಿಸಿದರೆ ಮೂರೂವರೆ. ಅದರ ವರ್ಗ ಹನ್ನೆರಡೂ ಕಾಲು. ಎಂದರೆ ಬೆಳಕು ಹನ್ನೆರಡು ಪಾಲು ಹೆಚ್ಚು! ಮೊದಲನೆಯದರಲ್ಲಿ ಸೆಕೆಂಡಿನ ಹದಿನೈದರಲ್ಲೊಂದು ಭಾಗ ಹೊತ್ತು ಬೇಕಾದ ಪಟ, ಎರಡನೆಯದರಲ್ಲಿ ನೂರ ಎಂಬತ್ತರಲ್ಲೊಂದು ಭಾಗದಲ್ಲಿ ಮುಗಿಯುತ್ತದೆ. ಹದಿನೈದರಲ್ಲೊಂದು ಭಾಗದಲ್ಲಿ ಕುಣಿಯುವ ವೇಷದ ಕೈ ಬರಿಯ ಹೊಗೆಯಾಗಿ ಕಾಣುತ್ತದೆ. ನೂರ ಎಂಬತ್ತರಲ್ಲೊಂದರಲ್ಲಿ ಬೆರಳುಗಳನ್ನು ಎಣಿಸಬಹುದು.

ಅಂಗಡಿಯಲ್ಲಿ ವಿಚಾರಿಸಿದಾಗ, ಆರ್ ೫೦ಕ್ಕೆ ಕೊಡುವ ಹಣಕ್ಕೆ ಹೆಚ್ಚುಕಡಿಮೆ ಆರ್ ೧೦೦ ಮತ್ತು ೫೦ ಮಿ.ಮೀ. ಲೆನ್ಸು ಎರಡೂ ಬರುತ್ತವೆಂದು ತಿಳಿಯಿತು. ಜಾಣ ಅಣ್ಣನೊಬ್ಬನೋ, ದೊಡ್ಡ ಕಣ್ಣಿನ ಬಡ ತಮ್ಮನೋ? ಮೂರು ದಿನ ಯೋಚಿಸಿ ತಮ್ಮನನ್ನೇ ಮನೆಗೆ ತಂದೆ. ಇದೇ ಸರ್ವರಿಗೂ ಸರಿಯೆಂದು ನನ್ನ ವಾದವಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಂತೆ ಹಕ್ಕಿಗಳ ಹಿಂದೆ ಅಲೆಯುವವರಿಗೆ ೫೦ ಮಿ.ಮೀ. ಲೆನ್ಸಿನಿಂದ ಏನೂ ಆಗದು. ಅವರಿಗೆ ಉದ್ದನೆಯ ಲೆನ್ಸೇ ಬೇಕು. ಯಾವುದರ ಪಟ, ಎಲ್ಲಿ, ಯಾವ ಬೆಳಕಿನಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಕ್ಯಾಮೆರಾ ತಾನಾಗಿಯೇ ಸಿಗುತ್ತದೆ. ಆ ಉತ್ತರವಿಲ್ಲದೆ ಅಂಗಡಿಗೆ ಹೋದವನಿಗೆ ಅಂಗಡಿಯವನೇ ಉತ್ತರ ಹೇಳಿಕೊಡುತ್ತಾನೆ. ಅದು ಹೆಚ್ಚಾಗಿ ದುಬಾರಿಯದಾಗಿರುತ್ತದೆ.

ಉಳಿದ ಸ್ವಲ್ಪ ಹಣದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ಸಿಲಿಕಾ ಜೆಲ್ಲನ್ನೂ ಕೊಂಡೆ. ಇದನ್ನು ನೋಡಿ ನಕ್ಕವರುಂಟು. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ ಬರುವ ಬೂಷ್ಟು ಲೆನ್ಸನ್ನು ಬಿಡುತ್ತದೆಯೇ? ಗಾಜುಗಳ ನಡುವೆ ಜೇಡರ ಬಲೆಯಂತೆ ಹಬ್ಬಿ, ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಕಪಾಟಿನ ಕತ್ತಲೆಯಲ್ಲಿ ಜೋಪಾನ ಮಾಡುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ. ಇನ್ನೊಂದು ಎಚ್ಚರಿಕೆ: ಕನ್ನಡಿಯ ಮರೆಯಿಲ್ಲದುದರಿಂದ, ಲೆನ್ಸು ಕಳಚಿದಾಗ ಸೆನ್ಸರಿಗೆ ರಕ್ಷಣೆ ಕಡಿಮೆ. ತಣ್ಣೀರುಬಾವಿಯ ಮರಳಿನಲ್ಲಿ, ಉಪ್ಪುಗಾಳಿಯಲ್ಲಿ ನಿಂತು ಲೆನ್ಸು ಬದಲಾಯಿಸುವ ಸಾಹಸ ಬೇಡ.

ತಿರುಗಾಟ ಪ್ರಾರಂಭವಾದ ಮೇಲೆ ಹನ್ನೊಂದು ರಾತ್ರಿ ಮಾವನ ಬೆನ್ನು ಹತ್ತಿದೆ. ಸದ್ದಿಲ್ಲದೆ ಪಟ ತೆಗೆಯುವ ಒಂದು ಕ್ರಮ ಈ ಬಗೆಯ ಕ್ಯಾಮೆರಾಗಳಲ್ಲಿ ಉಂಟು, ಆದರೆ ಎಲ್.ಇ.ಡಿ. ದೀಪಗಳ ಕೆಳಗೆ ಅದನ್ನು ಬಳಸಿದರೆ ಪಟದ ತುಂಬ ಅಡ್ಡಪಟ್ಟಿಗಳು ಮೂಡಬಹುದು. ಆದ್ದರಿಂದ ರಂಗಸ್ಥಳದ ಮುಂದೆ ಸದ್ದನ್ನೇ ಆರಿಸಿಕೊಂಡೆ. ಚೆಂಡೆಯ ಮುಂದೆ ಅದೇನು ಮಹಾ ಸದ್ದು! ಫ್ಲಾಶನ್ನು ಮಾತ್ರ ಒಮ್ಮೆಯೂ ಹಾಕಲಿಲ್ಲ. ಕುಣಿಯುವವರ ಕಣ್ಣಿಗೆ ಅದು ಕತ್ತಲೆ ಕವಿಸುತ್ತದೆ. ಚೌಕಿಯೊಳಗೆ ಭಾಗವತರನ್ನೂ ಕಲಾವಿದರನ್ನೂ ಕೇಳಿಯೇ ಕ್ಯಾಮೆರಾ ಎತ್ತಿದೆ. ಭೂತಕೋಲಕ್ಕೆ ಹೋಗುವ ಮಿತ್ರರಿಗೂ ಇದನ್ನೇ ಹೇಳುತ್ತೇನೆ: ಒಪ್ಪಿಗೆಯಿಲ್ಲದ ಕಡೆ ಕ್ಯಾಮೆರಾ ಚೀಲದಲ್ಲಿಯೇ ಇರಲಿ.

ಒಂಬತ್ತನೆಯ ರಾತ್ರಿ ಚೌಕಿಯಲ್ಲಿ ಮಾವ ಕೊನೆಯ ಚುಟ್ಟಿ ಇಟ್ಟು ಕನ್ನಡಿಯಿಂದ ಮುಖವೆತ್ತಿದಾಗ ತೆಗೆದ ಪಟವೊಂದನ್ನು ದೊಡ್ಡದು ಮಾಡಿಸಿ ಮನೆಗೆ ತಂದೆ. ಮಾವ ಬಹಳ ಹೊತ್ತು ನೋಡಿದರು. “ಕನ್ನಡಿಯಲ್ಲಿ ಎಡ ಬಲವಾಗಿ, ಬಲ ಎಡವಾಗಿ ನೋಡಿ ಬರೆದ ಮುಖ. ಎದುರು ಕೂತವನಿಗೆ ಹೀಗೆ ಕಾಣುತ್ತಿತ್ತೋ!” ಎಂದರು. ಎಡಗೆನ್ನೆಯ ಒಂದು ಸಾಲು ಸ್ವಲ್ಪ ಇಳಿದಿದೆಯೆಂದು ಬೆರಳಿಟ್ಟು ತೋರಿಸಿ, ಮರುದಿನದಿಂದ ಅದನ್ನು ತಿದ್ದಿಕೊಂಡರು. ಪತ್ತನಾಜೆಗೆ ಇನ್ನು ಒಂದೂವರೆ ತಿಂಗಳಷ್ಟೇ ಇತ್ತು, ಆದರೂ ತಿದ್ದಿಕೊಂಡರು.

ಅಮ್ಮ ಆ ಪಟವನ್ನು ಕಿಟಿಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದಳು. ಅವಳ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯೇನೋ ಎಂದುಕೊಂಡೆ. ಅಲ್ಲ, ಎಣಿಸುತ್ತಿದ್ದಳು. ಬೀಡಿಯ ಕಟ್ಟನ್ನು ಎಣಿಸುವ ಅಭ್ಯಾಸದಲ್ಲಿಯೇ ಚುಟ್ಟಿಯ ಮುಳ್ಳುಗಳನ್ನು ಒಂದೊಂದಾಗಿ ಎಣಿಸಿ, “ಬಲಗೆನ್ನೆಯಲ್ಲಿಯೇ ಇಪ್ಪತ್ತೈದಕ್ಕಿಂತ ಹೆಚ್ಚುಂಟು” ಎಂದಳು. ಫೋನಿನಲ್ಲಿ ಆಗದ್ದು ಏನೆಂಬ ಪ್ರಶ್ನೆಯನ್ನು ಆ ಮೇಲೆ ಅವಳು ಕೇಳಲಿಲ್ಲ.

ಈಗ ಮಾವ ತೋಟದ ಕೆಲಸ ನೋಡಿಕೊಂಡು ಮನೆಯಲ್ಲಿದ್ದಾರೆ, ಕ್ಯಾಮೆರಾ ಡಬ್ಬಿಯಲ್ಲಿದೆ. ನಮ್ಮ ಕಾಲೇಜಿನಲ್ಲಿ ಓದುವವರ ಮನೆಗಳಲ್ಲಿಯೂ ಮಡಕೆ ಮಾಡುವ ಅಜ್ಜ, ಬಲೆ ಹೆಣೆಯುವ ದೊಡ್ಡಪ್ಪ, ಪಾಡ್ದನ ಹೇಳುವ ಅಜ್ಜಿ ಇದ್ದಾರು. ಅವರ ಪಟ ಬೇಕೆನ್ನುವವರು ಸಂಕೋಚಪಡದೆ ಕ್ಯಾಮೆರಾವನ್ನು ಕೇಳಿ ಒಯ್ಯಬಹುದು. ಮರಳಿ ಕೊಡುವಾಗ ಲೆನ್ಸಿನ ಮುಚ್ಚಳ ಹಾಕಿರಬೇಕು, ಸಿಲಿಕಾ ಜೆಲ್ಲಿನ ಪೊಟ್ಟಣ ಡಬ್ಬಿಯಲ್ಲಿಯೇ ಇರಬೇಕು. ನನ್ನ ಷರತ್ತು ಇಷ್ಟೇ.